ಎರಡು ಸಲ ಒರೆಸಿದ ಧೂಳು

ಆವಿಯಲ್ಲಿ ಬೇಯುತ್ತಿರುವ ಕಡಬಿನ ಮುಚ್ಚಳವನ್ನು ನಡುವೆ ತೆಗೆದು ನೋಡುವವರಿಗೆ ನಿಂಗವ್ವನ ಅಡುಗೆಮನೆಯಲ್ಲಿ ಜಾಗವಿಲ್ಲ. ಗದಗಿನಲ್ಲಿದ್ದಾಗಲೂ ಅದೇ ಕಾಯಿದೆ, ಈಗ ಸಹಕಾರನಗರದ ಬಾಡಿಗೆ ಮನೆಯಲ್ಲೂ ಅದೇ. ಹಾಗಾಗಿ ಮಗಳು ದಾಕ್ಷಾಯಣಿ, ತನ್ನ ಸಂಶೋಧನೆಯ ಉತ್ತರವನ್ನು ತಾನೇ ನೋಡುವಂತಿಲ್ಲ ಎಂದಾಗ ನೆಂಟರೆಲ್ಲ ನಕ್ಕರೂ ಅವ್ವನಿಗೆ ತಟ್ಟನೆ ಅರ್ಥವಾಗಿತ್ತು.

ದಾಕ್ಷಾಯಣಿಗೆ ಕೆಲಸ ಯಲಹಂಕದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಸಿಡಿದು ಸಾಯುವ ನಕ್ಷತ್ರಗಳ ಲೆಕ್ಕ ಅವಳದು. ಅವುಗಳಲ್ಲಿ ಒಂದು ಜಾತಿಯವು ಎಲ್ಲೇ ಸಿಡಿದರೂ ಹೆಚ್ಚುಕಡಿಮೆ ಒಂದೇ ಬೆಳಕು ಕೊಡುತ್ತವೆ. ಮಂಕಾಗಿ ಕಂಡರೆ ದೂರವಿದೆ ಎಂದರ್ಥ. ದೂರದವು ಎಣಿಸಿದ್ದಕ್ಕಿಂತಲೂ ಮಂಕಾಗಿ ಕಂಡದ್ದರಿಂದಲೇ, ವಿಶ್ವ ಹಿಗ್ಗುತ್ತಿರುವ ವೇಗ ಏರುತ್ತಿದೆಯೆಂದು ಲೋಕಕ್ಕೆ ಗೊತ್ತಾದದ್ದು. ಆದರೆ ನಡುವೆ ಧೂಳಿದ್ದರೂ ಬೆಳಕು ಮಂಕಾಗುತ್ತದಲ್ಲ! ಆ ಧೂಳಿನ ಪಾಲನ್ನು ಲೆಕ್ಕದಿಂದ ತೆಗೆಯುವುದು ದಾಕ್ಷಾಯಣಿಯ ಹೊಣೆ. ಬೇಕಾದ ಉತ್ತರದ ಕಡೆಗೆ ಮನಸ್ಸು ವಾಲದಿರಲೆಂದು, ಎಲ್ಲ ಮುಗಿಯುವವರೆಗೂ ಉತ್ತರವನ್ನು ಕಂಪ್ಯೂಟರ್ ಬಚ್ಚಿಟ್ಟಿರುತ್ತದೆ. ವರ್ಷಗಟ್ಟಲೆ ಹೀಗೇ ಕಣ್ಣು ಕಟ್ಟಿಕೊಂಡು ದುಡಿದಳು, ಪುಣ್ಯಾತ್ಗಿತ್ತಿ. ಮಾರ್ಚಿಗೆ ಕೆಲಸದ ಅವಧಿ ಮುಗಿಯುವುದರಲ್ಲಿತ್ತು. ಹೊಸದೇನಾದರೂ ಸಿಕ್ಕರಷ್ಟೇ ಮುಂದುವರಿಕೆ.

ಫೆಬ್ರವರಿಯ ಒಂದು ಮಧ್ಯಾಹ್ನ ಉತ್ತರ ತೆರೆದರು. ವಿಶ್ವ ಹಿಗ್ಗುವ ವೇಗ ಏರುತ್ತಲೇ ಇಲ್ಲ ಎಂದಿತ್ತು! ತಂಡದ ಮುಖ್ಯಸ್ಥ ರಘುನಾಥ್ ಕುರ್ಚಿ ಬಿಟ್ಟೆದ್ದರು.

“ಏನ್ರೀ ದಾಕ್ಷಾಯಣಿ, ಪ್ರಪಂಚಾನೇ ತಲೆಕೆಳಗೆ ಮಾಡ್ಬಿಟ್ರಲ್ರೀ! ಇನ್ನು ನಿಮ್ಮನ್ನ ಯಾರೂ ಅಲ್ಲಾಡ್ಸಕ್ಕಾಗಲ್ಲ.”

ಫೋನಿನಲ್ಲಿ ಸುದ್ದಿ ಕೇಳಿದ್ದೇ ತಡ, ನಿಂಗವ್ವ ಪಾರ್ಕಿನ ಗೆಳತಿಯರಿಗೆಲ್ಲ ಡಂಗುರ ಸಾರಿ ಬಂದು ಕಡಬಿಗಿಟ್ಟಳು.

ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದ್ದುದರಿಂದ ಮನೆಯೊಳಗೆ ಸಿಮೆಂಟಿನ ಧೂಳು ತಪ್ಪಿದ್ದಲ್ಲ. ಸಂಜೆ ಬಂದವಳೇ ದಾಕ್ಷಾಯಣಿ ರೂಢಿಯಂತೆ ಬಟ್ಟೆ ಹಿಡಿದು ಟಿವಿ ಒರೆಸತೊಡಗಿದಳು.

“ಬಿಡ, ನಾ ಆಗಲೇ ಒರಸೇನಿ,” ಎಂದಳು ಅವ್ವ.

ಮಗಳ ಕೈ ಅಲ್ಲೇ ನಿಂತಿತು. ದೂರದ ನಕ್ಷತ್ರಗಳ ಅಂಕಿಗಳು ಬಂದದ್ದು ಬೇರೊಂದು ದೂರದರ್ಶಕದವರಿಂದ. ಅವರು ಧೂಳಿನ ಪಾಲನ್ನು ತೆಗೆದೇ ಕಳಿಸಿದ್ದರೆ? ಲ್ಯಾಪ್‌ಟಾಪ್ ತೆರೆದು ನೋಡಿದಳು. ತೆಗೆದೇ ಕಳಿಸಿದ್ದರು. ಇವಳು ಮತ್ತೊಮ್ಮೆ ತೆಗೆದಿದ್ದಳು. ಹಾಗಾಗಿ ದೂರದವು ಲೆಕ್ಕದಲ್ಲಿ ಹೆಚ್ಚು ಬೆಳಗಿ, ಇದ್ದುದಕ್ಕಿಂತ ಹತ್ತಿರ ಬಂದು ಕೂತಿದ್ದವು; ಅದಕ್ಕೇ ವೇಗ ಏರಿದ್ದು ಕಾಣದೆ ಹೋಗಿತ್ತು. ಉತ್ತರ ಕಣ್ಣೆದುರಿಗಿದ್ದಿದ್ದರೆ ಎಂದೋ ಅನುಮಾನ ಬರುತ್ತಿತ್ತು. ಬಚ್ಚಿಟ್ಟದ್ದರಿಂದ ಯಾರಿಗೂ ಬರಲಿಲ್ಲ. ಸುಮ್ಮನಿದ್ದುಬಿಡಲೇ ಎಂದು ಅವಳಿಗೂ ಆಸೆಯಾಯಿತು, ಸುಳ್ಳೇಕೆ ಹೇಳಬೇಕು? ಆಮೇಲೆ ಅವ್ವನಿಗೆ ಎಲ್ಲ ಹೇಳಿ ಅತ್ತಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮರುದಿನ ರಘುನಾಥ್ ಒದೆಯಲಿಲ್ಲ, ಅಷ್ಟೇ. ಲೆಕ್ಕವನ್ನು ತಾವೂ ಒಮ್ಮೆ ನೋಡಿ, “ನನಗೂ ಹೊಳೀಲಿಲ್ವಲ್ರೀ. ತಿದ್ದಿ. ಮೊದಲು ಬಂದಿದ್ದನ್ನೂ ಮುಚ್ಚಿಡದೆ ಬರೀರಿ,” ಎಂದರು. ತಿದ್ದಿದ ಮೇಲೆ ಬಂದದ್ದು ಲೋಕವೆಲ್ಲ ಬಲ್ಲ ಹಳೆಯ ಉತ್ತರವೇ: ವೇಗ ಏರುತ್ತಿದೆ. ಕೆಲಸ ಮುಂದುವರಿಯಲಿಲ್ಲ. ದಾಕ್ಷಾಯಣಿ ಈಗ ಅಬ್ಬಿಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ.

ಆದರೆ ತಪ್ಪೊಪ್ಪಿಕೊಂಡು ಬಂದ ಆ ಸಂಜೆ ಅವಳಿಗೆ ಕೆಲಸಕ್ಕಿಂತ ಅವ್ವನದೇ ಚಿಂತೆಯಾಗಿತ್ತು.

“ಯವ್ವಾ, ನಾಕ ದಿನ ಪಾರ್ಕಿಗೆ ಹೋಗಬ್ಯಾಡ. ನಿನ್ನ ಗೆಳತ್ಯಾರು ನಗತಾರ.”

ನಿಂಗವ್ವ ಉಳಿದ ಕಡಬನ್ನು ಡಬ್ಬಿಗೆ ತುಂಬಿ, ಚಪ್ಪಲಿ ಮೆಟ್ಟಿದಳು.

“ಯಾಕ ಹೋಗಬಾರದ? ನನ್ನ ಮಗಳು ಹೊಸಾದು ಕಂಡ ಹಿಡದಾಳ ಅಂತ ನಿನ್ನೆ ಹೇಳೇನಿ. ತಪ್ಪನ್ನೂ ಅಕೀನ ಹಿಡದಾಳ ಅಂತ ಇವತ್ತ ಹೇಳಿ ಬರತೀನಿ.”