ಡ್ರಿಲ್ ಮೇಷ್ಟ್ರ ಗುಡಾರ

ಬೇಲೂರಿನ ನಮ್ಮ ಡ್ರಿಲ್ ಮೇಷ್ಟ್ರು ಬಿದಿರಿನ ಗಳಗಳನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿ, ಕಂಬಳಿ ಹೊದಿಸಿ, ದುಂಡನೆಯ ಗುಡಾರವೊಂದನ್ನು ತಾವೇ ಮಾಡಿದ್ದರು. ಶಾಲೆಯ ಪ್ರತಿ ಶಿಬಿರಕ್ಕೂ ಮೊದಲು ಕಂಬಳಿಗೆ ತೇಪೆ ಹಾಕಿ, ಸೀಳಿದ ಗಳ ಬದಲಿಸುವರು. ನಾವು ಹಾಕಿದ ಗಂಟುಗಳನ್ನು ಮುಟ್ಟಿ ನೋಡಿ, "ಬಿಚ್ಚೋಕೆ ಬರೋ ಹಂಗೆ ಕಟ್ರೋ, ನಾಳೆ ಮನೆಗೆ ಹೋಗ್ಬೇಕು" ಎನ್ನುತ್ತಿದ್ದರು.

ಅವರ ಹೆಂಡತಿ ತೀರಿಕೊಂಡ ದಿನ ಚಟ್ಟಕ್ಕೆ ಗುಡಾರದ ಗಳಗಳನ್ನೇ ತಂದರು. ಕಟ್ಟಲೂ ತಾವೇ ಕುಳಿತರು. ರೂಢಿಯಂತೆ ಕೈ ಸಡಿಲ ಗಂಟನ್ನೇ ಹಾಕಿತು. ಪಕ್ಕದ ಮನೆಯ ಹಿರಿಯರು ಮೆಲ್ಲಗೆ, "ಮೇಷ್ಟ್ರೇ, ಇದನ್ನ ಬಿಚ್ಚೋದಿಲ್ಲ" ಎಂದರು. ಮೇಷ್ಟ್ರು ಮತ್ತೆ ಬಿಗಿದು ಕಟ್ಟಿದರು.

ಮುಂದಿನ ಶಿಬಿರದಲ್ಲಿ ಹೊಸ ಗಳ ಹಾಕಿ ಗುಡಾರವನ್ನು ಒಬ್ಬರೇ ಕಟ್ಟಿದರು. ಹೊರಡುವ ಬೆಳಿಗ್ಗೆ ಒಂದು ಗಂಟೂ ಬಿಚ್ಚಲು ಬರಲಿಲ್ಲ. ನಾವು ಕುಡುಗೋಲಿನಿಂದ ಹಗ್ಗ ಕೊಯ್ಯುವಾಗ ಅವರು ನಮಗೆ ಬೆನ್ನು ಮಾಡಿ ನಿಂತಿದ್ದರು.