ಇಲ್ಲೆಗೂ ಇಲ್ಲೇಗೂ ನಡುವೆ ಒಂದು ಮಾತ್ರೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್’ ಎಂದು ಹೇಳಿ ಸುಮ್ಮನಾಗುತ್ತೇನೆ. ಶಿರಸಿಯಲ್ಲಿ ಅಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಪ್ರಿಂಟರ್ ರಿಪೇರಿಯದ್ದೇ ಆಗಿರುತ್ತದೆ. ನಿಜವಾಗಿ ನಾನು ಮಾಡುವುದು ಫೋನಿನಲ್ಲಿ ಜನ ಆಡಿದ ಮಾತನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕೆಲಸ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಹೊಲಿಗೆ ಅಂಗಡಿಯ ಪಕ್ಕದ ಒಂದು ಕೋಣೆಯಲ್ಲಿ ಕೂತು ಮಾಡುತ್ತೇನೆ. ಮೀಟಿಂಗಿನ ಮಧ್ಯೆ ಹೊಲಿಗೆ ಮಷೀನಿನ ಸದ್ದು ಕೇಳಿಸಿದರೆ ಆಚೆಯವರು ರೈಲು ಹೋಯಿತಾ ಎನ್ನುತ್ತಾರೆ. ನಮ್ಮೂರಿಗೆ ರೈಲೇ ಇಲ್ಲ ಮಾರಾಯರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಅಕ್ಕೋರ ಮನೆಗೆ ಹೋಗುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಇವರು ನನಗೆ ಹಾಡು ಕಲಿಸಿದವರು. ನಮ್ಮಪ್ಪ ಯಲ್ಲಾಪುರದಲ್ಲಿ ಲಾರಿ ಓಡಿಸುತ್ತಿದ್ದರು. ಶಿರಸಿಗೆ ಮನೆ ಬದಲಿಸಿದ ವರ್ಷ, ಯಾರೋ ಹೇಳಿದ್ದು ಕೇಳಿ, ಹನ್ನೆರಡು ವರ್ಷದ ನನ್ನ ಕೈಹಿಡಿದು ಅವರ ಬಾಗಿಲಿಗೆ ಕರೆದುಕೊಂಡು ಹೋದರು. ‘ನಮ್ಮ ಹುಡುಗ ಚಂದ ಹಾಡ್ತಾನೆ, ಆದ್ರೆ ಹೇಳಿದ್ ಕೇಳಲ್ಲ’ ಎಂದು ಪರಿಚಯ ಮಾಡಿಕೊಟ್ಟರು. ಅಕ್ಕೋರು ನಕ್ಕು, ‘ಹಾಡದು ಆಮೇಲೆ ಆತು, ಮೊದಲು ಕೇಳದು ಕಲಸ್ತಿ’ ಎಂದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಪುಸ್ತಕದ ಕನ್ನಡ, ಅಕ್ಕೋರ ಹತ್ತಿರ ಅಡಿಕೆ ತೋಟದವರ ಮನೆಮಾತು. ಅದರಲ್ಲಿ ‘ನಾನು’ ಎನ್ನುವುದಕ್ಕೆ ‘ಆನು’, ‘ಬಂದಿದೆ’ ಎನ್ನುವುದಕ್ಕೆ ‘ಬೈಂದು’, ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’. ನನಗೆ ಆ ಮಾತು ಚೆನ್ನಾಗಿ ಗೊತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವ ದಾರಿ ನನಗಿಲ್ಲ.

ಒಂದು ಆಸ್ಪತ್ರೆಯವರು ನಮ್ಮ ಸಣ್ಣ ಕಂಪನಿಗೆ ಒಂದು ಕೆಲಸ ಕೊಟ್ಟಿದ್ದರು. ಹೃದಯದ ಕವಾಟದ ಆಪರೇಷನ್ ಆದವರು ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಮಾತ್ರೆ ನುಂಗಬೇಕು, ತಪ್ಪಿಸಿದರೆ ಜೀವಕ್ಕೇ ಕುತ್ತು ಬರುತ್ತದೆ. ಬೆಳಿಗ್ಗೆ ಯಂತ್ರವೇ ಅವರಿಗೆ ಫೋನ್ ಮಾಡಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಬೇಕು. ಇಲ್ಲ ಎಂದವರಿಗೆ ಅದೇ ದಿನ ನರ್ಸ್ ಒಬ್ಬರು ಫೋನ್ ಮಾಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ರೋಗಿಗಳಿಗೆ ಯಂತ್ರದ ಮಾತು ಹೇಗಿರಬೇಕು ಎಂಬ ಚರ್ಚೆ ಬಂದಾಗ ನಾನೇ ಮುಂದಾದೆ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ನಮ್ಮ ಜನ ಬ್ಯಾಂಕಿನವರೆಂದು ಫೋನ್ ಇಟ್ಟುಬಿಡುತ್ತಾರೆ, ಊರ ಮಾತಿನಲ್ಲೇ ಕೇಳಬೇಕು, ಧ್ವನಿಯನ್ನು ನಾನು ತರುತ್ತೇನೆ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ.

ಧ್ವನಿ ಅಕ್ಕೋರದು. ಅವರ ಕೋಣೆಯ ಕಿಟಕಿ ಬಾಗಿಲು ಹಾಕಿಕೊಂಡು ನಾಲ್ಕೈದು ವಾಕ್ಯ ರೆಕಾರ್ಡ್ ಮಾಡಿದೆವು. ‘ಇವತ್ತಿನ ಮಾತ್ರೆ ತಗಂಡಾತಾ?’ ಎಂಬುದು ಮುಖ್ಯವಾದ ಪ್ರಶ್ನೆ. ಮೊದಲ ಸಲಕ್ಕೇ ಚೆನ್ನಾಗಿತ್ತು. ಅವರು ಕೇಳಬೇಕಲ್ಲ! ‘ಕಡೇ ತಾ ಇಳದೋತು ತಮಾ, ಇನ್ನೊಂದ್ಸಲ’ ಎಂದು ಹತ್ತಾರು ಸಲ ರೆಕಾರ್ಡ್ ಮಾಡಿಸಿ ನನ್ನ ಜೀವ ತಿಂದರು. ಕೊನೆಗೆ ಬಂದ ಧ್ವನಿ ಎಷ್ಟು ಆಪ್ತವಾಗಿತ್ತೆಂದರೆ, ಪಕ್ಕದ ಮನೆಯ ಚಿಕ್ಕಮ್ಮ ಬೇಲಿಯಾಚೆಯಿಂದ ಕೇಳಿದ ಹಾಗಿತ್ತು. ಕಂಪನಿಯಲ್ಲಿ ಎಲ್ಲರೂ ಮೆಚ್ಚಿದರು.

ಬಾಯಿಗೆ ಊರ ಮಾತು ಕೊಟ್ಟ ನಾನು ಕಿವಿಗೆ ಕೊಡಲಿಲ್ಲ. ಯಂತ್ರಕ್ಕೆ ಎರಡು ಪಟ್ಟಿ ಬೇಕು, ಹೌದು ಎನ್ನುವ ಮಾತುಗಳದ್ದೊಂದು, ಇಲ್ಲ ಎನ್ನುವ ಮಾತುಗಳದ್ದೊಂದು. ಇಲ್ಲದ ಪಟ್ಟಿಯಲ್ಲಿ ಇಲ್ಲ, ಇಲ್ರಿ, ನಹಿ ಇವುಗಳ ಜೊತೆ ‘ಇಲ್ಲೆ’ಯನ್ನೂ ಬರೆದಿದ್ದೆ. ಹೌದಿನ ಪಟ್ಟಿಯಲ್ಲಿ ‘ಇಲ್ಲೇ’ ಮೊದಲೇ ಇತ್ತು, ಏಕೆಂದರೆ ಮಾತ್ರೆ ನಿಮ್ಮ ಹತ್ತಿರ ಇದೆಯಾ ಎಂದರೆ ಜನ ಇಲ್ಲೇ ಇದೆ ಎನ್ನುತ್ತಾರೆ. ಜೊತೆಗೆ ಕೆಲಸ ಮಾಡುವ ಒಬ್ಬ ಪಟ್ಟಿ ನೋಡುತ್ತಾ ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿದ: ‘ನಿಮ್ಮೂರಲ್ಲಿ ಇಲ್ಲ ಅನ್ನೋಕೆ ಇಲ್ಲೇ ಅಂತಾರಾ? ಹಾಗಾದ್ರೆ ಇಲ್ಲೇ ಇದೆ ಅನ್ನೋಕೆ ಏನಂತಾರೆ, ಇಲ್ಲ ಇದೆ ಅಂತಲಾ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯಲ್ಲಿ ತೋಟದ ಮನೆಯ ಮಕ್ಕಳು ಇಲ್ಲೆ ಎಂದಾಗ ಮೇಷ್ಟ್ರು ತಿದ್ದುತ್ತಿದ್ದರು, ನಾವೆಲ್ಲ ಕಿಸಕ್ಕೆನ್ನುತ್ತಿದ್ದೆವು. ಅದೇ ನಗು ಈಗ ನನ್ನ ಕಡೆಗೇ ತಿರುಗಿದಾಗ ಮುಖ ಬಿಸಿಯಾಯಿತು. ಯಂತ್ರದ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತದೆ, ಒಂದನ್ನು ತೆಗೆಯಲೇಬೇಕು ಎಂದ. ‘ಇಲ್ಲೆ ತೆಗಿ, ಅದು ಸ್ಪೆಲ್ಲಿಂಗ್ ತಪ್ಪು’ ಎಂದೆ. ಹಾಗೆ ಹೇಳಿದವನು ನಾನೇ. ಪಟ್ಟಿ ಶುಚಿಯಾಯಿತು ಎಂದು ಅವನು ಬರೆದ, ನಾನು ಒಪ್ಪಿಗೆ ಒತ್ತಿ ಊಟಕ್ಕೆ ಹೋದೆ.

ಸಂಗೀತದಲ್ಲಿ ಮಾತ್ರೆ ಎಂದರೆ ತಾಳದ ಒಂದು ಎಣಿಕೆ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೆ ಎರಡು. ಇಲ್ಲೆಗೂ ಇಲ್ಲೇಗೂ ಇರುವುದು ಅಷ್ಟೇ ವ್ಯತ್ಯಾಸ. ಹದಿನೈದು ವರ್ಷ ಅಕ್ಕೋರು ನನ್ನ ತೊಡೆಯ ಮೇಲೆ ಬಡಿದು ಬಡಿದು ಕಲಿಸಿದ್ದೂ ಅಷ್ಟನ್ನೇ.

ಮುಂದೆ ಒಂದು ವರ್ಷದೊಳಗೆ ಅಕ್ಕೋರಿಗೇ ಹುಬ್ಬಳ್ಳಿಯಲ್ಲಿ ಕವಾಟದ ಆಪರೇಷನ್ ಆಯಿತು. ಅವರ ಹೆಸರನ್ನೂ ನಾನೇ ಫೋನಿನ ಪಟ್ಟಿಗೆ ಸೇರಿಸಿದೆ. ಅವರ ಜೊತೆ ಇದ್ದ ತಂಗಿ ಸಿದ್ದಾಪುರದ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಬೇಗ ಬಸ್ಸು ಹಿಡಿಯುವವರು. ಅಕ್ಕ ಮಾತ್ರೆ ತೆಗೆದುಕೊಂಡಿದ್ದಾರೆ ಎಂಬ ಮೆಸೇಜು ದಿನವೂ ಅವರ ಫೋನಿಗೆ ಹೋಗುವಂತೆ ಮಾಡಿಕೊಟ್ಟೆ. ಅಕ್ಕೋರಿಗೆ ತಮ್ಮದೇ ಧ್ವನಿ ಕೇಳಲು ಆಗುತ್ತಿರಲಿಲ್ಲ. ಏನೋ ಒಂದು ತಪ್ಪು ಕಂಡೇ ಕಾಣುತ್ತಿತ್ತು. ಪ್ರಶ್ನೆ ಮುಗಿಯುತ್ತಲೇ ಉತ್ತರ ಹೇಳಿ, ಮುಂದಿನದು ಕೇಳದೆ ಫೋನ್ ಇಟ್ಟುಬಿಡುತ್ತಿದ್ದರು.

ಒಂದು ಸಂಜೆ ಪಾಠದ ನಡುವೆ ಅವರು ಕೇಳಿದರು: ‘ತಮಾ, ನಿಂಗಳ ನರ್ಸಿಗೆ ಪುರ್ಸೊತ್ತಿಲ್ಯನಾ? ಒಂದು ಫೋನೂ ಬೈಂದಿಲ್ಲೆ.’

‘ಅಲ್ಲಿ ಜನ ಕಡಿಮೆ ಅಕ್ಕೋರೆ. ಮಾಡ್ತಾರೆ ತಡೀರಿ’ ಎಂದೆ. ನರ್ಸು ಯಾವಾಗ ಫೋನ್ ಮಾಡುತ್ತಾರೆ? ಇಲ್ಲ ಎಂದಾಗ ಮಾತ್ರ. ಇದು ನಾನೇ ಕಟ್ಟಿದ ವ್ಯವಸ್ಥೆ. ಹಾಳಾದ ತಲೆಗೆ ಅಷ್ಟೂ ಹೊಳೆಯಲಿಲ್ಲ. ಅವತ್ತು ಹಾಡಿನ ಒಂದು ತಾನ ಗಂಟಲಿಗೆ ಹತ್ತುತ್ತಿರಲಿಲ್ಲ, ಅದರದ್ದೇ ಗುಂಗಿನಲ್ಲಿದ್ದೆ.

ನಾಲ್ಕು ದಿನದ ಮೇಲೆ ಅಕ್ಕೋರು ಅಡುಗೆಮನೆಯಲ್ಲಿ ಬಿದ್ದರು. ಹುಬ್ಬಳ್ಳಿಗೆ ಮುಟ್ಟಿಸುವಷ್ಟರಲ್ಲಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತು ಹೋಗಿತ್ತು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಇವರು ಹಲವು ದಿನದಿಂದ ಮಾತ್ರೆ ತೆಗೆದುಕೊಂಡಿಲ್ಲ ಎಂದರು. ತಂಗಿಗೆ ಸಿಟ್ಟು ಬಂದು ಕಾರಿಡಾರಿನಲ್ಲಿ ನನಗೆ ಫೋನ್ ತೋರಿಸಿದರು. ‘ನೋಡು, ಒಂದಿನಾನೂ ತಪ್ಪಸಿದ್ದಿಲ್ಲೆ. ದಿನಾ ಮೆಸೇಜ್ ಬೈಂದು. ಮತ್ತೆ ಹಿಂಗೆ ಎಂತಕ್ಕೆ ಆತು?’

ನಾನು ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದು ಅವರ ಉತ್ತರಗಳನ್ನು ಒಂದೊಂದಾಗಿ ಕೇಳಿದೆ. ಒಂಬತ್ತು ಬೆಳಗು, ಒಂಬತ್ತು ಇಲ್ಲೆ. ಸ್ವಚ್ಛ, ಗಿಡ್ಡ, ಒಂದೇ ಮಾತ್ರೆಯ ಕೊನೆ. ಒಂಬತ್ತಕ್ಕೂ ಎದುರಿಗೆ ‘ಹೌದು’ ಎಂದು ಹಸಿರು ಗುರುತು. ಕೊನೆಯ ದಿನ ಮಾತ್ರ ಅವರು ಇನ್ನೂ ನಾಲ್ಕು ಮಾತು ಸೇರಿಸಿದ್ದರು: ‘ಇಲ್ಲೆ. ಹಲ್ಲಿನ ಬುಡದಲ್ಲಿ ರಕ್ತ ಬತ್ತು. ತಗಳವ ಬ್ಯಾಡದ ಗೊತ್ತಾಗ್ತಿಲ್ಲೆ. ಯಾರಾದ್ರೂ ಫೋನ್ ಮಾಡಿ.’ ಒಸಡಿನಿಂದ ರಕ್ತ ಬರುತ್ತಿದೆ ಎಂದು ಹೆದರಿ ಮಾತ್ರೆ ನಿಲ್ಲಿಸಿದ್ದರು. ಯಂತ್ರ ಮೊದಲ ಪದಕ್ಕೇ ಕಿವಿ ಮುಚ್ಚಿಕೊಂಡಿತ್ತು. ಅವರು ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ದಿನವೂ ನಿಜ ಹೇಳಿ, ನರ್ಸಿನ ಫೋನಿಗೆ ಕಾದಿದ್ದರು.

ಅವತ್ತೇ ಪಟ್ಟಿ ಸರಿಮಾಡಿದೆ. ಆದರೆ ಯಾರಿಗೂ ಹೇಳಲಿಲ್ಲ. ತಂಗಿಗೂ ಹೇಳಲಿಲ್ಲ, ಕಂಪನಿಗೂ ಹೇಳಲಿಲ್ಲ. ಮನೆಯಲ್ಲಿ ನಮ್ಮಮ್ಮ, ಅಮ್ಮಿಗೆ ಮಾತ್ರ ಹೇಳಿದೆ. ಅವಳು ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿ, ‘ಅವ್ರಿಗೆ ಹೇಳ್ದೆ ಅವ್ರ ಎದುರಿಗೆ ಹೋಗಿ ಕೂತ್ಕೊಳ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?’ ಎಂದಳು. ಆಗುತ್ತಿತ್ತು. ಆದರೂ ಅಕ್ಕೋರು ಶಿರಸಿಗೆ ಬಂದ ಮೇಲೆ ಒಂದು ತಿಂಗಳು ದಿನಾ ಹೋಗಿ, ಗಂಜಿ ಕುಡಿಸಿ, ಕೈ ನೀವಿ, ಬಾಯಿ ಮುಚ್ಚಿಕೊಂಡು ಬಂದೆ. ಹೇಳಿದರೆ ಆ ಬಾಗಿಲು ನನಗೆ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ.

ಅಷ್ಟರಲ್ಲಿ ಅವರಿಗೆ ಒಂದೊಂದು ಮಾತು ಬರತೊಡಗಿತ್ತು. ಹಾಡಲು ಹೋದರೆ ಸ್ವರ ಮಾತ್ರ ಹಿಡಿದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಷಡ್ಜ ಹಿಡಿಯಲು ಹೋಗಿ ಒಡೆದ ಧ್ವನಿ ಬಂದಾಗ ಅವರು ಎಡಗೈಯಿಂದ ತಮ್ಮ ಬಾಯಿಯನ್ನೇ ಹೊಡೆದುಕೊಂಡರು. ‘ನಂದೇ... ತಪ್ಪು. ಮಾತ್ರೆ... ಬಿಟ್ಟೆ’ ಎಂದರು. ಇನ್ನು ನನಗೆ ತಡೆಯಲಾಗಲಿಲ್ಲ. ಪಟ್ಟಿ, ಮೀಟಿಂಗು, ನಗು, ಸ್ಪೆಲ್ಲಿಂಗ್ ತಪ್ಪು ಎಂದದ್ದು, ಎಲ್ಲ ಹೇಳಿದೆ. ಹೇಳುತ್ತಾ ಅತ್ತೆ. ಅವರು ಬೈಯುತ್ತಾರೆ ಎಂದುಕೊಂಡೆ, ಕ್ಷಮಿಸುತ್ತಾರೆ ಎಂದೂ ಒಳಗೊಳಗೆ ಆಸೆಯಿತ್ತು. ಅವರು ಎರಡನ್ನೂ ಮಾಡದೆ ಕೇಳಿದರು:

‘ಬೇರೆ... ಜನ?’

ಇಷ್ಟು ದಿನ ನಾನು ಅವರೊಬ್ಬರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ನನ್ನ ಬಗ್ಗೆ ಮರುಗುತ್ತಾ ಇದ್ದೆ. ಇಲ್ಲೆ ಎಂದವರು ಬೇರೆ ಎಷ್ಟು ಜನ ಎಂದು ತಿರುಗಿ ನೋಡಿರಲೇ ಇಲ್ಲ. ಅಲ್ಲೇ ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಹಳೆಯ ಉತ್ತರಗಳನ್ನು ಹುಡುಕಿದರೆ ಹಲವು ಮನೆಗಳು ಸಿಕ್ಕವು. ಮೊದಲನೆಯದು ವಾನಳ್ಳಿ ಕಡೆಯದು. ಫೋನ್ ಹಚ್ಚಿದೆ. ತಮಗೂ ಕೇಳಿಸಬೇಕೆಂದು ಅಕ್ಕೋರು ಸನ್ನೆ ಮಾಡಿದರು, ಸ್ಪೀಕರ್ ಹಾಕಿದೆ.

ಎತ್ತಿದವರು ಆ ಮನೆಯ ಮಗಳು. ಬೆಳಿಗ್ಗೆ ಮಾತ್ರೆಯ ಬಗ್ಗೆ ಫೋನ್ ಬರುತ್ತದಲ್ಲ, ಅಲ್ಲಿಂದ ಮಾತಾಡುತ್ತಿದ್ದೇನೆ, ನಿಮ್ಮ ಅಪ್ಪನವರು ಇದ್ದಾರಾ ಎಂದೆ.

‘ಅಪ್ಪ ತೀರಿಕೊಂಡು ಎರಡು ತಿಂಗಳಾಯ್ತು’ ಎಂದರು. ಆಮೇಲೆ ಅವರ ಧ್ವನಿ ಗಟ್ಟಿಯಾಯಿತು. ‘ಆ ಹೆಂಗಸು ಇನ್ನೂ ನಿಮ್ಮಲ್ಲಿ ಕೆಲಸಕ್ಕೆ ಇದ್ದಾಳಾ? ಅಪ್ಪ ಹೋದ ಮಾರನೇ ದಿನ ಫೋನ್ ಮಾಡಿದ್ದಳು. ಮನೆ ತುಂಬ ಜನ. ಮಾತ್ರೆ ತಗಂಡಾತಾ ಅಂತ ಕೇಳಿದಳು. ನಮ್ಮ ಅಮ್ಮ ಅಳ್ತಾ ‘ಇಲ್ಲೆ, ಅವು ಇಲ್ಲೆ’, ಅವರೇ ಇಲ್ಲ ಅಂದಳು. ಅದಕ್ಕೆ ಆ ಹೆಂಗಸು ಏನು ಹೇಳಿದಳು ಗೊತ್ತುಂಟಾ? ‘ಚೊಲೋ ಆತು, ನಾಳೆ ಮಾತಾಡನ’ ಅಂದಳು. ಮನುಷ್ಯಳಾ ಅವಳು?’

ಹೌದು ಎಂದವರಿಗೆ ಹೇಳಲೆಂದು ನಾನು ಬರೆದುಕೊಟ್ಟ ಸಾಲು ಅದು. ಹೇಳಿದ ಧ್ವನಿ ನನ್ನ ಪಕ್ಕದಲ್ಲಿ ಒರಗಿ ಕೂತಿತ್ತು. ಅದು ಯಂತ್ರ ತಾಯಿ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕೋರು ಎಡಗೈ ಚಾಚಿ ಫೋನ್ ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದರು. ತುಟಿ ಒಂದು ಕಡೆಗೆ ಎಳೆಯುತ್ತಿತ್ತು. ಪದ ಸಿಗುವವರೆಗೆ ಕಾದರು.

‘ತಂಗೀ... ಆನು... ತಪ್ಪಾತು.’

‘ಯಾರು ಇದು? ಯಾರು ಮಾತಾಡ್ತಿರೋದು?’ ಎಂದು ಆಚೆಯಿಂದ ಕೇಳಿದರು. ಆ ಧ್ವನಿಯ ಗುರುತು ಅವರಿಗೆ ಸಿಗಲಿಲ್ಲ.