ಉಕಾಳ ನೆಲದೊಲೆ

ನನ್ನನ್ನು ಹೆತ್ತವಳು ಉಕಾ, ಸಾಕಿದವಳು ಅಪ್ಪನ ಅಕ್ಕ ವೆರೀನಾ. ನಮ್ಮ ರಾಪಾ ನೂಯಿ ದ್ವೀಪದಲ್ಲಿ ತುತ್ತಿಟ್ಟು ಬೆಳೆಸಿದವಳೇ ತಾಯಿ. ಹಾಗಾಗಿ ನಾನು ‘ನುವಾ’ ಎಂದು ಕರೆದದ್ದು ವೆರೀನಾಳನ್ನು. ಅಮ್ಮ ಎಂಬ ಆ ಮಾತು ಉಕಾಳಿಗೆ ಸಿಗಲಿಲ್ಲ, ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ.

ನಾನು ಹುಟ್ಟಿದ ಮೂರು ವಾರಕ್ಕೆ ಅವಳ ಮೊಣಕೈ ಮೇಲೆ ಒಂದು ಮಚ್ಚೆ ಕಂಡಿತಂತೆ. ಚಿವುಟಿದರೂ ನೋವಾಗದ ಮಚ್ಚೆ. ಊರಾಚೆಯ ಕುಷ್ಠದ ಮನೆಗೆ ಕಳಿಸಿದರು. ಇಪ್ಪತ್ತೇಳು ವರ್ಷ ಅಲ್ಲಿದ್ದಳು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಹೋದರೆ ಕಲ್ಲುಗೋಡೆಯ ಆಚೆ ಅವಳು, ಈಚೆ ನಾವು. ಬಾಳೆಹಣ್ಣು ಎತ್ತಿ ತೋರಿಸಿ, “ತಗೋತೀಯಾ?” ಎನ್ನುತ್ತಿದ್ದಳು. ವೆರೀನಾ ನನ್ನ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಉಕಾಳಿಗೆ ಇದ್ದದ್ದು ಒಂದೇ ಆಸೆ: ಮಗಳು ತನ್ನ ಕೈಯಿಂದ ಒಂದು ತುತ್ತು ತಿನ್ನಬೇಕು.

ನನಗೆ ಒಂಬತ್ತು ವರ್ಷವಾಗಿದ್ದಾಗ ಹಡಗಿನಲ್ಲಿ ಬಂದ ವೈದ್ಯರು ದ್ವೀಪವೆಲ್ಲ ಸುತ್ತಿ ಸಣ್ಣ ಸೀಸೆಗಳಲ್ಲಿ ಮಣ್ಣು ತುಂಬಿಕೊಂಡರು. “ಹಡಗಿನೋರು ಮೊದ್ಲು ನಮ್ಮ ಕಲ್ಲಿನ ಮೂರ್ತಿ ಹೊತ್ಕೊಂಡು ಹೋದ್ರು, ಈಗ ಮಣ್ಣು. ಇನ್ನು ಗಾಳಿ ಒಂದು ಬಾಕಿ,” ಎಂದು ನಮ್ಮ ಬೀದಿಯ ಹಿರಿಯ, ಎಲ್ಲರೂ ಗೌರವದಿಂದ ‘ಕೊರೊ’ ಎನ್ನುತ್ತಿದ್ದ ಮಾತಿಯಾಸ್, ನಗಿಸಿದ್ದ. ಕುಷ್ಠದ ಮನೆಯ ಅಂಗಳದಿಂದಲೂ ಒಂದು ಚಮಚ ತೆಗೆದುಕೊಂಡು ಹೋದದ್ದನ್ನು ಉಕಾ ನೋಡಿದ್ದಳು.

ಎಷ್ಟೋ ವರ್ಷದ ಮೇಲೆ ಕೆಂಪು ಮಾತ್ರೆ ಬಂತು.

“ಉಚ್ಚೆ ಕೆಂಪಗಾಗುತ್ತೆ, ಹೆದರ್ಬೇಡ,” ಎಂದಳು ನರ್ಸ್ ಗ್ರಾಸಿಯೆಲಾ. “ಇದು ಮಣ್ಣಿನ ಮದ್ದು. ಮಣ್ಣಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವ ಇರ್ತವೆ, ನೂಲಿನ ಎಳೆ ಥರ. ಮಳೆ ಬಿದ್ದಾಗ ಘಮ್ ಅನ್ನೋದೂ ಅಂಥವುಗಳಿಂದ್ಲೇ. ಪಕ್ಕದ ಕ್ರಿಮಿಗಳನ್ನ ಕೊಲ್ಲೋಕೆ ಅವು ಒಂದು ವಿಷ ಬಿಡ್ತವೆ. ಆ ವಿಷಾನೇ ತಿದ್ದಿ ಈ ಮದ್ದು ಮಾಡಿರೋದು.”

“ನಮ್ಮ ಅಂಗಳದ ಮಣ್ಣು, ಅಲ್ವಾ?”

“ಅಲ್ಲ ಉಕಾ. ಅದು ಯುರೋಪಿನ ಯಾವ್ದೋ ಕಾಡಿನದು.”

“ಸೀಸೆ ತುಂಬ್ಕೊಂಡು ಹೋಗಿದ್ದನ್ನ ನಾನೇ ನೋಡಿದೀನಿ. ನೀನಾಗ ಇಲ್ಲಿ ಇರ್ಲೇ ಇಲ್ಲ, ಸುಮ್ನಿರು.”

ಅವಳು ಹಿಡಿದ ಹಟ ಬಿಡುವವಳಲ್ಲ. ವಾಸಿಯಾಗಿ ಊರಿಗೆ ಬರುವಾಗ ಆ ಅಂಗಳದ ಮಣ್ಣನ್ನು ಒಂದು ಚೀಲ ತುಂಬಿ ತಂದಳು. ಊರವರನ್ನೆಲ್ಲ ಊಟಕ್ಕೆ ಕರೆದು, ನೆಲದೊಲೆಗೆ ಗುಂಡಿ ತೋಡಿ, ಕಲ್ಲು ಕಾಯಿಸಿ, ಬಾಳೆ ಎಲೆಯಲ್ಲಿ ಕೋಳಿ, ಮೀನು, ಗೆಣಸು ಇಟ್ಟು, ಮೇಲೆ ಆ ಮಣ್ಣನ್ನೇ ಮುಚ್ಚಿದಳು.

“ಎಲ್ಲಿಯ ಮಣ್ಣಮ್ಮ ಇದು?” ಮಾತಿಯಾಸ್ ಕೇಳಿದ.

“ಕುಷ್ಠದ ಮನೇದು ಕೊರೊ. ನನ್ನ ವಾಸಿ ಮಾಡಿದ್ದೇ ಇದು. ನಿಮಗೂ ಒಳ್ಳೇದಾಗ್ಲಿ ಅಂತ ತಂದೆ.”

ಒಬ್ಬನಿಗೆ ಕುದುರೆ ಕಟ್ಟುವುದಿತ್ತು, ಒಬ್ಬಳಿಗೆ ಮಗು ಅಳುವುದು ಕೇಳಿಸಿತು. ಒಲೆ ತೆರೆಯುವಾಗ ಉಳಿದವಳು ನಾನೊಬ್ಬಳೇ. ಗೆಣಸನ್ನು ಎಲೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ರೋಗ ಹೋಗಿದೆ ಎಂದು ನರ್ಸ್ ನನಗೆ ಎರಡು ಸಲ ಹೇಳಿದ್ದಳು. ಆದರೂ, “ಮನೇಲಿ ತಿಂತೀನಿ,” ಎಂದು ಎದ್ದು ಬಂದು ಗೋಡೆಯ ಹಿಂದೆ ಎಸೆದೆ. ತಿರುಗಿದರೆ ಉಕಾ ನಿಂತಿದ್ದಾಳೆ. ಮೀನನ್ನೂ ಕೊಡೋಣವೆಂದು ಹಿಂದೆಯೇ ಬಂದಿದ್ದಳು.

“ಇರ್ಲಿ ಬಿಡು. ಕೋಳಿಗಳಾದ್ರೂ ತಿಂತಾವೆ,” ಎಂದಳು.

ಮತ್ತೆಂದೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ವರ್ಷ ಕಳೆದಂತೆ ಊರವರ ಹೆದರಿಕೆ ಹೋಯಿತು. “ಈ ವಯಸ್ಸಲ್ಲಿ ನಂಗೆ ಇನ್ನೇನು ರೋಗ ಬರೋದಿದೆ,” ಎಂದು ಮೊದಲು ತಿಂದವನು ಮಾತಿಯಾಸನೇ. ನಾನು ಮಾತ್ರ ಹನ್ನೊಂದು ವರ್ಷ, ಭಾನುವಾರ ಅವಳ ಅಂಗಳದಲ್ಲಿ ಹೊಗೆ ಎದ್ದಾಗಲೆಲ್ಲ ಆ ದಾರಿಯಲ್ಲೇ ನಿಧಾನವಾಗಿ ನಡೆದೆ. “ಚೆನ್ನಾಗಿದ್ದೀಯಾ?” ಎನ್ನುತ್ತಿದ್ದಳು. “ಹೂಂ,” ಎನ್ನುತ್ತಿದ್ದೆ. ಬಾ ಎಂದು ಅವಳು ಒಮ್ಮೆ ಕರೆಯಲಿ ಎಂದು ನಾನು ಹಂಬಲಿಸಿದಷ್ಟು ಬೇರಾವುದಕ್ಕೂ ಹಂಬಲಿಸಿದವಳಲ್ಲ. ನಾನೇ ಹೋಗಿ ಕೂತಿದ್ದರೆ ಬೇಡ ಎನ್ನುತ್ತಿದ್ದಳೇ? ಸೊಕ್ಕು, ನಾಚಿಕೆ, ಎರಡೂ ಸೇರಿ ಕಾಲು ಕಟ್ಟಿಹಾಕಿದವು.

ಆಗಸ್ಟಿನ ಚಳಿಯಲ್ಲಿ ಉಕಾ ತೀರಿಕೊಂಡಳು. ಸಾವಿನ ಒಲೆಯನ್ನು ಅವಳ ಅಂಗಳದಲ್ಲೇ ಹೂಡಿದರು. ಅವಳದೇ ಕಲ್ಲು, ಅವಳು ತಂದ ಅದೇ ಮಣ್ಣು. ಆ ಒಲೆಯ ಅಡುಗೆ ಊರಿಗೆಲ್ಲ ಸಲ್ಲುತ್ತದೆ, ಸತ್ತವರ ಹೆತ್ತವರು, ಒಡಹುಟ್ಟಿದವರು, ಮಕ್ಕಳು ಮಾತ್ರ ಮುಟ್ಟುವಂತಿಲ್ಲ. ನನಗೆ ಎಂದೂ ಇಲ್ಲದ ಹಸಿವಾಗಿತ್ತು. ಮಾತಿಯಾಸ್ ಬಡಿಸುತ್ತ ಬಂದು ನನ್ನ ಮುಂದೆಯೂ ಎಲೆ ಇಟ್ಟ. ಹೊಗೆಯಾಡುವ ಗೆಣಸು.

“ತಿನ್ನು ಮಗಳೇ. ನೀನು ವೆರೀನಾ ಸಾಕಿದ ಮಗಳು. ನಿಂಗೇನೂ ತಡೆಯಿಲ್ಲ.”

ವೆರೀನಾ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಎಲೆಯನ್ನು ಹಿಂದಕ್ಕೆ ಸರಿಸಿದೆ.

“ನಾನು ತಿನ್ನೋ ಹಾಗಿಲ್ಲ ಕೊರೊ. ಸತ್ತಿರೋದು ನನ್ನ ನುವಾ.”

ವೆರೀನಾ ನನ್ನ ಎಲೆಯನ್ನು ತನ್ನತ್ತ ಎಳೆದುಕೊಂಡು ಆ ಗೆಣಸನ್ನು ತಿಂದಳು. ನಾನು ಹಸಿದುಕೊಂಡೇ ಮನೆಗೆ ಹೋದೆ.